ದಾರ ಹೇಳಿದ ದೂರ

ನಮ್ಮ ತುಮಕೂರಿನ ಕಡೆ ದೂರವನ್ನು ಕಿಲೋಮೀಟರಿನಲ್ಲಿ ಹೇಳುವವರು ಕಡಿಮೆ. ಬೆಂಗಳೂರು ಎಷ್ಟು ದೂರ ಎಂದರೆ ಒಂದೂವರೆ ಗಂಟೆ, ಗೊರಗುಂಟೆಪಾಳ್ಯದಲ್ಲಿ ಸಿಕ್ಕಿಹಾಕಿಕೊಂಡರೆ ಎರಡೂವರೆ. ಶಿರಾ ಒಂದು ಗಂಟೆ. ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಪಾಠ ಮಾಡುತ್ತಿದ್ದ ನಾನು ಬೋರ್ಡಿನ ಮೇಲೆ ಭೂಪಟದ ಅಳತೆ ಬರೆದು ಮಕ್ಕಳ ಕೈಲಿ ಕಿಲೋಮೀಟರು ಲೆಕ್ಕ ಹಾಕಿಸುತ್ತಿದ್ದರೂ ಮನೆಯಲ್ಲಿ ಮಾತಾಡುತ್ತಿದ್ದದ್ದು ಗಂಟೆಯಲ್ಲೇ. 1998ರಲ್ಲಿ ನಮ್ಮ ಒಬ್ಬಳೇ ಮಗಳು ಕಂಪ್ಯೂಟರ್ ಕೆಲಸ ಸಿಕ್ಕಿ ಕ್ಯಾಲಿಫೋರ್ನಿಯಾಕ್ಕೆ ಹೋದಳು. ಆಮೇಲೆ ಮನೆಗೆ ಬಂದವರೆಲ್ಲ ಕೇಳುತ್ತಿದ್ದ ಪ್ರಶ್ನೆ ಒಂದೇ: "ಅಲ್ಲಿಗೆ ಎಷ್ಟು ಹೊತ್ತಾಗತ್ತೆ ಟೀಚರ್?"

ಹೊತ್ತು ಹೇಳುವುದು ಕಷ್ಟವಿತ್ತು. ಅವಳು ಹೋದದ್ದು ಮುಂಬೈ, ಯುರೋಪು ಎಂದು ಅಲ್ಲಲ್ಲಿ ಇಳಿದು ಹತ್ತಿ. ಎಲ್ಲಿ ಎಷ್ಟು ಕಾದಳು ಎಂಬುದೇ ಒಂದು ಲೆಕ್ಕ. ಕೊನೆಗೆ ದೂರವನ್ನಾದರೂ ಸರಿಯಾಗಿ ಹೇಳೋಣ ಎಂದು ನಮ್ಮ ಯಜಮಾನರು ಒಂದು ಭಾನುವಾರ ಗ್ಲೋಬ್ ಮುಂದಿಟ್ಟುಕೊಂಡು ಕುಳಿತರು. ಅವರು ಸಹಕಾರಿ ಬ್ಯಾಂಕಿನಲ್ಲಿ ಲೆಕ್ಕ ಬರೆದವರು, ಅಂದಾಜು ಅವರಿಗೆ ಸಮಾಧಾನ ಕೊಡುತ್ತಿರಲಿಲ್ಲ. ಬೆಂಗಳೂರಿನ ಅವೆನ್ಯೂ ರಸ್ತೆಯಲ್ಲಿ ಕೊಂಡು ತಂದ ಗ್ಲೋಬ್ ಅದು. ನಾನು ಹೂವು ಕಟ್ಟಲು ಇಟ್ಟುಕೊಂಡಿದ್ದ ಬಿಳಿ ದಾರದ ಉಂಡೆಯಿಂದ ಮೊಳದುದ್ದ ಕತ್ತರಿಸಿಕೊಂಡು ಒಂದು ತುದಿಯನ್ನು ಬೆಂಗಳೂರಿನ ಮೇಲೆ ಹೆಬ್ಬೆರಳಿನಲ್ಲಿ ಒತ್ತಿ ಹಿಡಿದರು. ಇನ್ನೊಂದು ತುದಿಯನ್ನು ನನಗೆ ಕೊಟ್ಟು ಸ್ಯಾನ್ ಫ್ರಾನ್ಸಿಸ್ಕೊ ಮೇಲೆ ಬಿಗಿಯಾಗಿ ಎಳೆಯಲು ಹೇಳಿದರು.

ನಾನು ದಾರವನ್ನು ಪೆಸಿಫಿಕ್ ಸಾಗರದ ಮೇಲೆ ಎಳೆದೆ. ಸಡಿಲವಿತ್ತು. ಬಿಗಿ ಮಾಡಿದ ಹಾಗೆಲ್ಲ ಅದು ಜಾರಿ ಜಾರಿ ಮೇಲಕ್ಕೆ, ಉತ್ತರಕ್ಕೆ ಸರಿಯಿತು. ಪೂರ್ತಿ ಬಿಗಿಯಾದಾಗ ದಾರ ಛತ್ತೀಸಗಢದ ಮೇಲೆ ಹಾದು, ನೇಪಾಳ, ಟಿಬೆಟ್ಟು, ಮಂಗೋಲಿಯದ ಪಶ್ಚಿಮ ಭಾಗ ದಾಟಿ, ಸೈಬೀರಿಯದ ಉತ್ತರದ ಅಂಚಿನಲ್ಲಿ ಆರ್ಕ್‌ಟಿಕ್ ಸಾಗರವನ್ನು ಮುಟ್ಟಿ, ಅಲಾಸ್ಕದ ಮೇಲಿಂದ ಇಳಿದು ಬಂದಿತ್ತು. ಗೋಡೆಗೆ ತೂಗುಹಾಕಿದ ಭೂಪಟದಲ್ಲಿ ಸ್ಕೇಲು ಇಟ್ಟು ಗೆರೆ ಎಳೆದರೆ ಈ ದಾರಿ ಯಾರ ಕಣ್ಣಿಗೂ ಬೀಳುವುದಿಲ್ಲ. ಚಪ್ಪಟೆ ಭೂಪಟ ಧ್ರುವದ ಕಡೆಯ ನೆಲವನ್ನು ಹಿಗ್ಗಿಸಿ ತೋರಿಸುತ್ತದೆ, ದುಂಡಗಿನ ಭೂಮಿಯ ಮೇಲೆ ಆ ಕಡೆಯೇ ಹತ್ತಿರ. ಬೆಂಗಳೂರು 77 ಡಿಗ್ರಿ ಪೂರ್ವ ರೇಖಾಂಶದ ಆಚೀಚೆ, ಸ್ಯಾನ್ ಫ್ರಾನ್ಸಿಸ್ಕೊ 122 ಡಿಗ್ರಿ ಪಶ್ಚಿಮ. ಎರಡರ ನಡುವೆ ಪೂರ್ವಾಭಿಮುಖವಾಗಿ ಹೋದರೆ ಸುಮಾರು 160 ಡಿಗ್ರಿ, ಪಶ್ಚಿಮಾಭಿಮುಖವಾಗಿ ಹೋದರೆ 200. ಹೆಚ್ಚುಕಡಿಮೆ ಭೂಮಿಯ ಎದುರುಬದುರು ಮಗ್ಗುಲುಗಳು. ಹಾಗಾಗಿಯೇ ದಾರ ನೆತ್ತಿಯ ಮೇಲೆ ಹತ್ತಿ ಇಳಿಯಿತು.

ಯಜಮಾನರು ಅದೇ ದಾರವನ್ನು ಭೂಮಧ್ಯರೇಖೆಯ ಸುತ್ತ ಹಿಡಿದು ನೋಡಿದರು. ಪೂರ್ತಿ ಸುತ್ತು ನಲವತ್ತು ಸಾವಿರ ಕಿಲೋಮೀಟರು, ದಾರ ಮೂರನೇ ಒಂದು ಭಾಗಕ್ಕಿಂತ ಸ್ವಲ್ಪ ಹೆಚ್ಚು ಸುತ್ತಿತು. "ಹದಿನಾಲ್ಕು ಸಾವಿರ" ಎಂದು ಡೈರಿಯಲ್ಲಿ ಬರೆದುಕೊಂಡರು. ಎಷ್ಟೋ ವರ್ಷಗಳ ನಂತರ ಪತ್ರಿಕೆಯಲ್ಲಿ ಎರಡು ವಿಮಾನ ನಿಲ್ದಾಣಗಳ ನಡುವಿನ ನೇರ ದೂರ 13,993 ಕಿಲೋಮೀಟರ್ ಎಂದು ಓದಿದಾಗ ಅದನ್ನು ತೋರಿಸಲು ಅವರಿರಲಿಲ್ಲ.

ದೂರ ಗೊತ್ತಾಯಿತು, ಆದರೆ ಅದು ನಮ್ಮ ದಿನದೊಳಗೆ ಬಂದದ್ದು ಫೋನಿನ ಮೂಲಕ. ಕ್ಯಾಲಿಫೋರ್ನಿಯಾದ ಗಡಿಯಾರ ನಮಗಿಂತ ಚಳಿಗಾಲದಲ್ಲಿ ಹದಿಮೂರೂವರೆ ಗಂಟೆ ಹಿಂದೆ, ಬೇಸಿಗೆಯಲ್ಲಿ ಹನ್ನೆರಡೂವರೆ. ನಾವು ಬೆಳಗಿನ ಕಾಫಿ ಕುಡಿಯುವಾಗ ಅವಳಿಗೆ ಹಿಂದಿನ ದಿನದ ಸಂಜೆ. ಬೂತಿನಲ್ಲಿ ಕೆಂಪಕ್ಷರದ ಮೀಟರು ಓಡುವುದನ್ನೇ ನೋಡುತ್ತ ಯಜಮಾನರು ಮಾತಾಡುತ್ತಿದ್ದರು. ಅವಳ ದನಿ ಒಂದು ಕ್ಷಣ ತಡವಾಗಿ ಬರುತ್ತಿತ್ತು. ಇಬ್ಬರೂ ಒಟ್ಟಿಗೆ ಮಾತು ಶುರು ಮಾಡಿ, ಒಟ್ಟಿಗೆ ನಿಲ್ಲಿಸಿ, ಮತ್ತೆ ಇಬ್ಬರೂ "ನೀನು ಹೇಳು" ಎನ್ನುತ್ತಿದ್ದರು. ಅಷ್ಟರಲ್ಲಿ ಮೀಟರು ಇನ್ನೊಂದಿಷ್ಟು ಓಡಿರುತ್ತಿತ್ತು.

2004ರ ಸೆಪ್ಟೆಂಬರಿನಲ್ಲಿ ಅವಳ ಬಾಣಂತನಕ್ಕೆ ನಾನು ಹೊರಟೆ. ಯಜಮಾನರಿಗೆ ರಜೆ ಸಿಗಲಿಲ್ಲ, ಒಬ್ಬಳೇ. ಆಗ ಒಬ್ಬರಿಗೆ 32 ಕಿಲೋದ ಎರಡು ಪೆಟ್ಟಿಗೆ ಒಯ್ಯಬಹುದಿತ್ತು. ನಮ್ಮ ಬೀದಿಯ ದಿನಸಿ ಅಂಗಡಿಯ ತಕ್ಕಡಿಯ ಮೇಲೆ ಸೂಟ್‌ಕೇಸ್ ಇಟ್ಟು ತೂಗಿದೆವು. ಮೆಣಸು, ಶುಂಠಿ, ಓಮ, ಬಾಣಂತಿ ಲೇಹ್ಯ, ರಾಗಿಹಿಟ್ಟು, ಮಗುವಿಗೆ ಹಳೇ ಪಂಚೆ ಹರಿದು ಹೊಲಿದ ಮೆತ್ತನೆಯ ಬಟ್ಟೆಗಳು. ಬೀಳ್ಕೊಡಲು ಒಂದು ವ್ಯಾನಿನ ತುಂಬ ಜನ ಎಚ್‌ಎಎಲ್ ನಿಲ್ದಾಣದವರೆಗೆ ಬಂದರು. ದೇವನಹಳ್ಳಿಯ ನಿಲ್ದಾಣ ಶುರುವಾದದ್ದು 2008ರ ಮೇ ತಿಂಗಳಲ್ಲಿ, ಅಲ್ಲಿಯವರೆಗೆ ಪರದೇಶದ ವಿಮಾನಗಳೂ ಹಳೇ ಏರ್‌ಪೋರ್ಟ್ ರಸ್ತೆಯ ಆ ಚಿಕ್ಕ ಕಟ್ಟಡದಿಂದಲೇ. ಮಧ್ಯರಾತ್ರಿ ಕಳೆದ ಮೇಲೂ ಹೊರಗಡೆ ಜಾತ್ರೆಯಷ್ಟು ಜನ. ಒಬ್ಬರು ಹೊರಟರೆ ಹದಿನೈದು ಜನ ಅಳುತ್ತ ನಿಂತಿರುತ್ತಿದ್ದರು.

ಮಗಳು ಒಂದು ಕಾಗದದಲ್ಲಿ ಎಲ್ಲವನ್ನೂ ಬರೆದು ಕಳಿಸಿದ್ದಳು. ಒಂದು ಮಗ್ಗುಲಲ್ಲಿ ಕನ್ನಡ: "ಅಮ್ಮ, ಫ್ರಾಂಕ್‌ಫರ್ಟಿನಲ್ಲಿ ಇಳಿದ ಕೂಡಲೇ ಬಾಗಿಲ ಹತ್ತಿರವೇ ನಿಂತುಕೋ. ವ್ಹೀಲ್‌ಚೇರ್ ಬರುತ್ತೆ. ನಡೆಯಕ್ಕೆ ಬರುತ್ತೆ ಅಂತ ನೀನೇ ಹೊರಟುಬಿಡಬೇಡ." ಇನ್ನೊಂದು ಮಗ್ಗುಲಲ್ಲಿ, ಅಲ್ಲಿನವರಿಗೆ ತೋರಿಸಲು, ಇಂಗ್ಲಿಷ್. ನನಗೆ ಇಂಗ್ಲಿಷ್ ಬರುತ್ತಿತ್ತು, ಕಾಲೂ ಗಟ್ಟಿಯಾಗಿದ್ದವು. ಆದರೂ ಕುರ್ಚಿಯಲ್ಲಿ ಕುಳಿತೆ. ನನ್ನ ಸಾಲಿನಲ್ಲೇ ಆಂಧ್ರದ ಅಜ್ಜಿ, ತಮಿಳುನಾಡಿನ ದಂಪತಿ, ಎಲ್ಲರ ಕೈಯಲ್ಲೂ ಇಂಥದೇ ಒಂದೊಂದು ಕಾಗದ. ಆ ಕಾಗದಗಳನ್ನು ಯಾರಾದರೂ ಕೂಡಿಟ್ಟಿದ್ದರೆ ಈ ದಾರಿಯ ಒಂದು ಚರಿತ್ರೆಯೇ ಆಗುತ್ತಿತ್ತು ಎಂದು ನನಗೆ ಈಗಲೂ ಅನ್ನಿಸುತ್ತದೆ.

ಬೆಂಗಳೂರಿನಿಂದ ಫ್ರಾಂಕ್‌ಫರ್ಟ್ ಸುಮಾರು 7,400 ಕಿಲೋಮೀಟರ್, ಅಲ್ಲಿಂದ ಸ್ಯಾನ್ ಫ್ರಾನ್ಸಿಸ್ಕೊ 9,100ಕ್ಕೂ ಹೆಚ್ಚು. ಎರಡೂ ಸೇರಿದರೆ ನಮ್ಮ ದಾರದ ಅಳತೆಗಿಂತ ಎರಡೂವರೆ ಸಾವಿರ ಜಾಸ್ತಿ. ಆದರೆ ಆ ಎರಡನೇ ವಿಮಾನದಲ್ಲಿ ಕಂಡದ್ದನ್ನು ಮರೆಯಲಾರೆ. ಬೆಳಿಗ್ಗೆ ಹತ್ತರ ಸುಮಾರಿಗೆ ಹೊರಟ ವಿಮಾನ ಇಳಿಯುವ ವೇಳೆಗೆ ಅಲ್ಲಿ ಮಧ್ಯಾಹ್ನ ಹನ್ನೆರಡೂವರೆ. ನಡುವೆ ಹನ್ನೊಂದು ಗಂಟೆಗೂ ಮಿಕ್ಕಿದ ಪ್ರಯಾಣ. ಸೂರ್ಯ ನಮ್ಮ ಜೊತೆಗೇ ಪಶ್ಚಿಮಕ್ಕೆ ಸರಿಯುತ್ತಿದ್ದ, ಹೊತ್ತು ಏರಲೂ ಇಲ್ಲ ಇಳಿಯಲೂ ಇಲ್ಲ. ಎಲ್ಲರೂ ಕಿಟಕಿಯ ಪರದೆ ಎಳೆದು ಮಲಗಿದ್ದರು. ನಾನು ಅಂಗೈಯಗಲ ಪರದೆ ಎತ್ತಿ ನೋಡಿದೆ. ಕೆಳಗೆ ಗ್ರೀನ್‌ಲ್ಯಾಂಡ್. ಕಪ್ಪು ಬಂಡೆಗಳ ನಡುವೆ ಹಿಮನದಿಗಳು ಸಮುದ್ರಕ್ಕೆ ಇಳಿದು ತುಂಡು ತುಂಡಾಗಿ ತೇಲುತ್ತಿದ್ದವು. ಮೇಲ್ಮೈ ತುಂಬ ಸೀಳುಗಳು, ಸೀಳುಗಳೊಳಗೆ ನೀಲಿ. ಹಿಮನದಿ ಕಣಿವೆಯನ್ನು ಕೊರೆಯುತ್ತದೆ ಎಂದು ಅಷ್ಟು ವರ್ಷ ಪಾಠ ಹೇಳಿದ್ದೆ, ಕೊರೆಯುತ್ತಿರುವುದನ್ನು ಕಂಡದ್ದು ಆಗಲೇ. ಪಕ್ಕದಲ್ಲಿದ್ದ ಹುಡುಗನನ್ನು ಎಬ್ಬಿಸಿ ತೋರಿಸಬೇಕು ಅನ್ನಿಸಿತು. ಅವನು ನಿದ್ದೆಯಲ್ಲಿದ್ದ, ಬಿಟ್ಟೆ.

ಇಳಿಯುವಾಗ ಕೊಲ್ಲಿಯ ದಕ್ಷಿಣದಲ್ಲಿ ಉಪ್ಪಿನ ಮಡಿಗಳು ಕಾಣುತ್ತವೆ. ಒಂದು ಮಡಿ ಇಟ್ಟಿಗೆ ಕೆಂಪು, ಒಂದು ಹಸಿರು, ಒಂದು ಗುಲಾಬಿ. ಉಪ್ಪಿನಂಶ ಏರಿದಂತೆ ಅದರಲ್ಲಿ ಬದುಕುವ ಸೂಕ್ಷ್ಮಜೀವಿಗಳು ಬೇರೆಯಾಗಿ ಬಣ್ಣವೂ ಬೇರೆಯಾಗುತ್ತದೆ. ವಿಮಾನ ನೀರಿನ ಮೇಲೆಯೇ ಇಳಿಯುತ್ತದೇನೋ ಎನ್ನುವಷ್ಟು ತಗ್ಗಿದ ಮೇಲೆ ರನ್‌ವೇ ಬರುತ್ತದೆ.

ಶರೀರ ಮಾತ್ರ ಅಷ್ಟು ಬೇಗ ಇಳಿಯಲಿಲ್ಲ. ಒಳಗಿನ ಗಡಿಯಾರ ಸಾಧಾರಣವಾಗಿ ದಿನಕ್ಕೆ ಒಂದು ಗಂಟೆಯಷ್ಟೇ ಹೊಂದಿಕೊಳ್ಳುತ್ತದೆ ಎನ್ನುತ್ತಾರೆ, ನಮ್ಮದು ಹನ್ನೆರಡೂವರೆ ಗಂಟೆಯ ಅಂತರ. ರಾತ್ರಿ ಎರಡಕ್ಕೆ ಕಣ್ಣು ಪಿಳಿಪಿಳಿ. ಮಗು ಹುಟ್ಟಿದ ಮೇಲೆ ಅದೂ ಅದೇ ಹೊತ್ತಿಗೆ ಏಳುತ್ತಿತ್ತು. ಹಗಲು ರಾತ್ರಿ ಯಾವುದೆಂದು ಅದಕ್ಕೂ ಗೊತ್ತಿರಲಿಲ್ಲ. ಮಗಳನ್ನು ಮಲಗಲು ಬಿಟ್ಟು ನಾನು ಮೊಮ್ಮಗನನ್ನು ತೊಡೆಯ ಮೇಲೆ ಹಾಕಿಕೊಂಡು ಫ್ರೀಮಾಂಟ್ ಊರಿನ ಅವಳ ಮನೆಯ ಅಡುಗೆಮನೆಯಲ್ಲಿ ಕೂರುತ್ತಿದ್ದೆ. ಬಾಣಂತನಕ್ಕೆ ಹೋದ ಎಷ್ಟೋ ಅಜ್ಜಿಯರಿಗೆ ಈ ಹೊತ್ತು ಸಿಕ್ಕಿರುತ್ತದೆ. ಸಮಯ ಹೊಂದದೆ ಇದ್ದುದರಿಂದ ಸಿಕ್ಕ ಸುಖ ಅದು.

2010ರ ಏಪ್ರಿಲ್ 14ರಂದು ಐಸ್‌ಲ್ಯಾಂಡಿನಲ್ಲಿ ಎಯಾಫ್ಯಾಟ್ಲಯೊಕುಟ್ಲ್ ಎಂಬ ಜ್ವಾಲಾಮುಖಿ ಹಿಮದ ಗಡ್ಡೆಯ ಅಡಿಯಿಂದ ಸಿಡಿದು ಬೂದಿ ಉಗುಳತೊಡಗಿತು. ಹಿಮ ಕರಗಿದ ನೀರು ಕಾದ ಶಿಲಾರಸಕ್ಕೆ ತಾಕಿದಾಗ ಆ ರಸ ನುಣ್ಣನೆಯ ಗಾಜಿನ ಪುಡಿಯಾಗಿ ಚೂರಾಗುತ್ತದೆ. ಆ ಪುಡಿ ಜೆಟ್ ಎಂಜಿನ್ನಿನೊಳಗೆ ಹೋದರೆ ಅಲ್ಲಿನ ಬೆಂಕಿಗೆ ಕರಗಿ, ಒಳಭಾಗಗಳಿಗೆ ಅಂಟಿ, ಎಂಜಿನ್ನು ನಿಂತುಹೋಗಬಹುದು. 1982ರಲ್ಲಿ ಜಾವಾ ದ್ವೀಪದ ಬಳಿ ಒಂದು ಜಂಬೊ ವಿಮಾನದ ನಾಲ್ಕೂ ಎಂಜಿನ್ನು ಹೀಗೇ ನಿಂತಿದ್ದವು, ಪುಣ್ಯಕ್ಕೆ ಕೆಳಗಿಳಿದ ಮೇಲೆ ಮತ್ತೆ ಹತ್ತಿಕೊಂಡವು. ಆದ್ದರಿಂದ ಯುರೋಪಿನ ದೇಶಗಳು ಒಂದೊಂದಾಗಿ ಆಕಾಶ ಮುಚ್ಚಿದವು. ಏಪ್ರಿಲ್ 15ರಿಂದ ಸುಮಾರು ಒಂದು ವಾರ, ಹತ್ತಿರ ಹತ್ತಿರ ಒಂದು ಲಕ್ಷ ವಿಮಾನಗಳು ಹಾರಲಿಲ್ಲ. ನಾನೂ ಯಜಮಾನರೂ ಟಿವಿಯಲ್ಲಿ ನೋಡಿದೆವು. ಬೂದಿಯ ಮೋಡದ ಚಿತ್ರ ನೋಡಿ ಅವರು, "ಪುಟ್ಟಿ ಜೂನ್‌ನಲ್ಲಿ ಬರೋದು ತಾನೇ, ಅಷ್ಟರಲ್ಲಿ ಸರಿಹೋಗತ್ತೆ ಬಿಡು" ಎಂದರು.

ಏಪ್ರಿಲ್ 17ರ ಶನಿವಾರ ಬೆಳಗಿನ ಜಾವ ಅವರು ಎದೆನೋವಿನಿಂದ ಹೋದರು. ಆಸ್ಪತ್ರೆಗೆ ಒಯ್ಯುವಷ್ಟು ಹೊತ್ತೂ ಸಿಗಲಿಲ್ಲ.

ಮಗಳಿಗೆ ಆಗ ಶುಕ್ರವಾರ ಸಂಜೆ, ಆಫೀಸಿನಲ್ಲಿದ್ದಳು. ಎಂದಿನ ಫ್ರಾಂಕ್‌ಫರ್ಟ್ ದಾರಿ ಮುಚ್ಚಿತ್ತು, ಲಂಡನ್ ಮುಚ್ಚಿತ್ತು. ಯುರೋಪಿನ ಮೇಲೆ ಹೋಗಬೇಕಾದವರೆಲ್ಲ ಪೆಸಿಫಿಕ್ ಮೇಲಿನ ವಿಮಾನಗಳಿಗೆ ಮುಗಿಬಿದ್ದಿದ್ದರು. ಅವಳು ಅಂದೇ ರಾತ್ರಿ ನಿಲ್ದಾಣಕ್ಕೆ ಹೋಗಿ ಯಾರಾದರೂ ಬರದಿದ್ದರೆ ಆ ಸೀಟು ಸಿಗಬಹುದೆಂದು ಕೌಂಟರಿನ ಮುಂದೆ ಕಾದಳು. ಸಿಗಲಿಲ್ಲ. ಮರುದಿನ ರಾತ್ರಿಯ ವಿಮಾನದಲ್ಲಿ, ಹಾಂಗ್‌ಕಾಂಗ್ ಮೇಲೆ ಸಿಂಗಪುರಕ್ಕೆ, ಅಲ್ಲಿಂದ ಬೆಂಗಳೂರಿಗೆ ಟಿಕೆಟ್ ಸಿಕ್ಕಿತು. ಸೋಮವಾರ ರಾತ್ರಿ ಇಳಿಯುತ್ತಾಳೆ ಎಂದಾಯಿತು.

ಇತ್ತ ಮನೆಯಲ್ಲಿ ಹಿರಿಯರೆಲ್ಲ ಸೇರಿದ್ದರು. ಭಾವನವರು ಹತ್ತಿರ ಕರೆದು ಮೆಲ್ಲಗೆ ಕೇಳಿದರು: "ಮೂರು ದಿನ ಇಟ್ಟುಕೊಂಡು ಕೂರೋದು ಎಲ್ಲಾದರೂ ಉಂಟೇನಮ್ಮ? ಬೇಸಿಗೆ ಬೇರೆ. ಫೋಟೋ ತೆಗೆದು ಕಳಿಸೋಣ, ಅವಳು ಹದಿಮೂರನೇ ದಿನಕ್ಕೆ ಬಂದರಾಯಿತು." ಅವರು ಕೆಟ್ಟದ್ದಕ್ಕೆ ಹೇಳಿದ್ದಲ್ಲ, ಊರಿನ ರೀತಿ ಹೇಳಿದರು. ನಾನು, "ಇರೋಳು ಅವಳೊಬ್ಬಳೇ ಭಾವ, ಕಾಯೋಣ" ಎಂದೆ. ಅದಕ್ಕಿಂತ ಹೆಚ್ಚು ಮಾತಾಡಲು ನನಗೆ ಶಕ್ತಿ ಇರಲಿಲ್ಲ. ಅವರು ಮತ್ತೆ ಕೇಳಲಿಲ್ಲ, ತಾವೇ ಹೋಗಿ ಫ್ರೀಜರ್ ಪೆಟ್ಟಿಗೆ ಬಾಡಿಗೆಗೆ ತಂದರು.

ಮೇಲೆ ಗಾಜು, ಕೆಳಗೆ ಗುಂಯ್‌ಗುಡುವ ಯಂತ್ರ. ನಡುಮನೆಯಲ್ಲಿ ಇಟ್ಟರು. ಭಾನುವಾರ ಮಧ್ಯಾಹ್ನ ಕರೆಂಟು ಹೋಯಿತು. ಏಪ್ರಿಲ್ ತಿಂಗಳ ಲೋಡ್‌ಶೆಡ್ಡಿಂಗ್ ಕಾಲ. ಯಂತ್ರದ ಸದ್ದು ನಿಂತ ಕೂಡಲೇ ಮನೆಯಲ್ಲಿ ಅಳುತ್ತಿದ್ದವರೂ ಸುಮ್ಮನಾದರು. ಪಕ್ಕದ ಬೀದಿಯ ಶಾಮಿಯಾನದ ಅಂಗಡಿಯ ಹುಡುಗರು ಮದುವೆಗೆ ಕೊಡುವ ಜನರೇಟರನ್ನು ತಳ್ಳುಗಾಡಿಯಲ್ಲಿ ತಳ್ಳಿಕೊಂಡು ಬಂದು, ಅಂಗಳದಲ್ಲಿ ಇಟ್ಟು, ಹಗ್ಗ ಎಳೆದು ಚಾಲೂ ಮಾಡಿದರು. ಗಾಜಿನ ಒಳಗಡೆ ಕಟ್ಟಿದ್ದ ಬೆವರು ಮತ್ತೆ ನಿಧಾನವಾಗಿ ಆರಿತು. ಆ ಹುಡುಗರಲ್ಲಿ ಒಬ್ಬ ನನ್ನ ಶಾಲೆಯಲ್ಲಿ ಓದಿದವನು. ಸೋಮವಾರ ರಾತ್ರಿಯವರೆಗೆ ಡೀಸೆಲ್ ಕ್ಯಾನ್ ಹಿಡಿದು ಅಂಗಳದಲ್ಲೇ ಮಲಗಿದ್ದ. ಬಾಡಿಗೆ ತೆಗೆದುಕೊಳ್ಳಲಿಲ್ಲ.

ನಿದ್ದೆ ಬರುತ್ತಿರಲಿಲ್ಲ. ಶೋಕೇಸಿನ ಮೇಲಿದ್ದ ಗ್ಲೋಬನ್ನು ತೊಡೆಯ ಮೇಲಿಟ್ಟುಕೊಂಡು, ಇಷ್ಟು ಹೊತ್ತಿಗೆ ಹೊರಟಿರುತ್ತಾಳೆ, ಇಷ್ಟು ಹೊತ್ತಿಗೆ ತಾರೀಖು ರೇಖೆ ದಾಟಿರುತ್ತಾಳೆ ಎಂದು ಬೆರಳಿಟ್ಟು ನೋಡುತ್ತಿದ್ದೆ. ಪೆಸಿಫಿಕ್ ಎಷ್ಟು ದೊಡ್ಡದು ಎಂಬುದು ಆ ರಾತ್ರಿ ತಿಳಿದ ಹಾಗೆ ಯಾವ ಪಾಠದಲ್ಲೂ ತಿಳಿದಿರಲಿಲ್ಲ. ಗ್ಲೋಬನ್ನು ಆ ಮಗ್ಗುಲಿಗೆ ತಿರುಗಿಸಿದರೆ ಬರೀ ನೀಲಿ, ನೆಲ ಅಂಚಿನಲ್ಲಷ್ಟೇ ಕಾಣುತ್ತದೆ. ಅದರ ಮೇಲೆ ಪಶ್ಚಿಮಕ್ಕೆ ಬರುವ ವಿಮಾನಕ್ಕೆ ಗಾಳಿ ಎದುರು. ಹಾಂಗ್‌ಕಾಂಗ್‌ವರೆಗೇ ಹದಿನಾಲ್ಕು ಗಂಟೆಗೂ ಮೇಲೆ.

ಮಂಗಳವಾರ ಬೆಳಗಿನ ಜಾವ ಅವಳು ಬಂದಳು. ಅಷ್ಟು ಹೊತ್ತು ಕಾಲು ಕೆಳಗೆ ಬಿಟ್ಟು ಕೂತಿದ್ದಕ್ಕೆ ಪಾದ ಊದಿ ಚಪ್ಪಲಿಯ ಪಟ್ಟಿ ಚರ್ಮದೊಳಗೆ ಇಳಿದಿತ್ತು. ಹೊಸ್ತಿಲಲ್ಲಿ ನಿಂತು ಬಿಚ್ಚಲು ನೋಡಿದಳು, ಬರಲಿಲ್ಲ. ನನ್ನ ತಂಗಿ ಕೆಳಗೆ ಕೂತು ಒಂದೊಂದೇ ಬಕಲ್ ಸಡಿಲಿಸಿದಳು. ಆಮೇಲೆ ಮಗಳು ಒಳಗೆ ಹೋಗಿ ಗಾಜಿನ ಮೇಲೆ ಕೈಯಿಟ್ಟುಕೊಂಡು ಬಹಳ ಹೊತ್ತು ಕುಳಿತಳು. ಬೆಳಿಗ್ಗೆ ಬೆಂಕಿ ಕೊಟ್ಟವಳು ಅವಳೇ. ಅದಕ್ಕೂ ಭಾವನವರು ಏನೂ ಅನ್ನಲಿಲ್ಲ, ಪಕ್ಕದಲ್ಲಿ ನಿಂತು ಮಂತ್ರ ಹೇಳಿಸಿದರು.

ಇದಾದ ಮೇಲೆ ಈ ದಾರಿಯ ಬಗ್ಗೆ ಓದುವುದು ನನಗೆ ಒಂದು ಹಟವಾಯಿತು. ಹದಿನಾಲ್ಕು ಸಾವಿರ ಕಿಲೋಮೀಟರು ಭೂಮಿಯ ಮೇಲೆ ನೆಟ್ಟ ಕಲ್ಲು, ಅದು ಬದಲಾಗುವುದಿಲ್ಲ. ಗಂಟೆ ಏಕೆ ಹೀಗೆ ಹಿಗ್ಗಿ ಕುಗ್ಗುತ್ತದೆ ಎಂಬುದನ್ನು ತಿಳಿಯಬೇಕಿತ್ತು.

ಮೊದಲ ಕಾರಣ ಗಾಳಿ. ವಿಮಾನಗಳು ಹಾರುವ ಮೂವತ್ತು, ನಲವತ್ತು ಸಾವಿರ ಅಡಿ ಎತ್ತರದಲ್ಲಿ ಪಶ್ಚಿಮದಿಂದ ಪೂರ್ವಕ್ಕೆ ಹೊಳೆಯ ಹಾಗೆ ಒಂದು ಗಾಳಿ ಹರಿಯುತ್ತದೆ. ಚಳಿಗಾಲದಲ್ಲಿ ಜಪಾನಿನ ಮೇಲೆ ಅದರ ವೇಗ ಗಂಟೆಗೆ ಇನ್ನೂರು, ಮುನ್ನೂರು ಕಿಲೋಮೀಟರು ಮುಟ್ಟುತ್ತದೆ. ಅದನ್ನು ಮೊದಲು ಅಳೆದವರಲ್ಲಿ ಒಬ್ಬರು ಜಪಾನಿನ ಹವಾಮಾನ ತಜ್ಞ ವಸಬುರೊ ಓಯಿಶಿ. 1920ರ ದಶಕದಲ್ಲಿ ತಾತೆನೊ ಎಂಬಲ್ಲಿ ಬಲೂನುಗಳನ್ನು ಹಾರಿಬಿಟ್ಟು ದೂರದರ್ಶಕದಲ್ಲಿ ಅವುಗಳ ಜಾಡು ಹಿಡಿದರು. ಪ್ರಪಂಚದವರೆಲ್ಲ ಓದಲಿ ಎಂದು ಎಸ್ಪೆರಾಂಟೊ ಭಾಷೆಯಲ್ಲಿ ವರದಿ ಬರೆದರು. ಯಾರೂ ಗಮನಿಸಲಿಲ್ಲ. ಎರಡನೇ ಮಹಾಯುದ್ಧದಲ್ಲಿ ಬಾಂಬರ್ ವಿಮಾನಗಳು ಅದೇ ಗಾಳಿಗೆ ಸಿಕ್ಕಿದ ಮೇಲೆ ಲೋಕಕ್ಕೆ ಅರಿವಾಯಿತು. ಈಗ ಪೆಸಿಫಿಕ್ ದಾಟುವ ಪ್ರತಿ ವಿಮಾನದ ದಾರಿಯನ್ನೂ ಅಂದಂದಿನ ಈ ಗಾಳಿ ನೋಡಿಯೇ ಬರೆಯುತ್ತಾರೆ. 2016ರ ಅಕ್ಟೋಬರಿನಲ್ಲಿ ಏರ್ ಇಂಡಿಯಾ ದೆಹಲಿ–ಸ್ಯಾನ್ ಫ್ರಾನ್ಸಿಸ್ಕೊ ವಿಮಾನವನ್ನು ಅಟ್ಲಾಂಟಿಕ್ ದಾರಿಯಿಂದ ಪೆಸಿಫಿಕ್ ದಾರಿಗೆ ಬದಲಿಸಿತು. ದೂರ 13,900ರಿಂದ 15,300 ಕಿಲೋಮೀಟರಿಗೆ ಏರಿತು. ಪ್ರಯಾಣ ಮಾತ್ರ ಎರಡು ಗಂಟೆಯಷ್ಟು ಕಡಿಮೆಯಾಯಿತು, ಬೆನ್ನಿಗೆ ಗಾಳಿ ಇತ್ತಲ್ಲ. ಯಜಮಾನರು ಇದ್ದಿದ್ದರೆ ಈ ಲೆಕ್ಕವನ್ನು ಎಷ್ಟು ಜನಕ್ಕೆ ಹೇಳುತ್ತಿದ್ದರೋ.

ಎರಡನೆಯದು ಬೆಟ್ಟ. ನಮ್ಮ ದಾರ ಟಿಬೆಟ್ಟಿನ ಮೇಲೆ ಹೋಗುತ್ತದೆ, ವಿಮಾನ ಹೋಗುವುದಿಲ್ಲ. ಒಳಗಿನ ಗಾಳಿಯ ಒತ್ತಡ ತಪ್ಪಿದರೆ ಪೈಲಟ್ ಬೇಗ ಹತ್ತು ಸಾವಿರ ಅಡಿಗೆ ಇಳಿಯಬೇಕು, ಅಲ್ಲಿ ಮುಖವಾಡವಿಲ್ಲದೆ ಉಸಿರಾಡಬಹುದು. ಪ್ರಯಾಣಿಕರ ತಲೆಯ ಮೇಲಿನ ಆಮ್ಲಜನಕ ಬರುವುದು ಕಾಲು ಗಂಟೆಯ ಸುಮಾರು ಮಾತ್ರ. ಟಿಬೆಟ್ಟಿನಲ್ಲಿ ನೆಲವೇ ಹದಿನಾಲ್ಕು ಸಾವಿರ ಅಡಿಗೂ ಮೇಲಿದೆ, ಇಳಿಯುವುದೆಲ್ಲಿ? ಆದ್ದರಿಂದ ಬಳಸಿ ಹೋಗುತ್ತವೆ.

ಮೂರನೆಯದು ಮನುಷ್ಯರ ಜಗಳ. ಅದು ಜ್ವಾಲಾಮುಖಿಗಿಂತ ಹೆಚ್ಚು ಕಾಲ ಆಕಾಶ ಮುಚ್ಚಿಸುತ್ತದೆ. 2019ರ ಫೆಬ್ರುವರಿಯಿಂದ ಜುಲೈವರೆಗೆ ಪಾಕಿಸ್ತಾನದ ಆಕಾಶ ನಮ್ಮ ವಿಮಾನಗಳಿಗೆ ಇರಲಿಲ್ಲ, 2025ರ ಏಪ್ರಿಲ್‌ನಲ್ಲಿ ಮತ್ತೆ ಮುಚ್ಚಿತು. 2022ರ ಯುಕ್ರೇನ್ ಯುದ್ಧದ ನಂತರ ಅಮೆರಿಕ, ಯುರೋಪಿನ ವಿಮಾನಗಳಿಗೆ ರಷ್ಯಾದ ಮೇಲೆ ದಾರಿಯಿಲ್ಲದಾಯಿತು, ನಮ್ಮವಕ್ಕೆ ಇತ್ತು. ಆ ದಾರಿಯ ಕಷ್ಟವೂ 2023ರ ಜೂನ್‌ನಲ್ಲಿ ಗೊತ್ತಾಯಿತು. ದೆಹಲಿಯಿಂದ ಹೊರಟ ಸ್ಯಾನ್ ಫ್ರಾನ್ಸಿಸ್ಕೊ ವಿಮಾನ ಎಂಜಿನ್ ತೊಂದರೆಯಿಂದ ರಷ್ಯಾದ ದೂರಪೂರ್ವದ ಮಗದಾನ್ ಊರಿನಲ್ಲಿ ಇಳಿಯಿತು. 216 ಪ್ರಯಾಣಿಕರು ಶಾಲೆ, ಹಾಸ್ಟೆಲುಗಳ ನೆಲದ ಮೇಲೆ ಮಲಗಿ ಬೇರೆ ವಿಮಾನ ಬರುವವರೆಗೆ ಕಾದರು. ಮಗಳ ಪರಿಚಯದವರ ವಯಸ್ಸಾದ ತಾಯಿ ಅದರಲ್ಲಿದ್ದರಂತೆ, ಮಾತ್ರೆಗಳೆಲ್ಲ ಚೆಕ್‌ಇನ್ ಪೆಟ್ಟಿಗೆಯಲ್ಲಿ. ಆ ಸುದ್ದಿ ಕೇಳಿದಾಗಿನಿಂದ ನಾನು ಮಾತ್ರೆಯ ಚೀಲವನ್ನು ಸೊಂಟದ ಹತ್ತಿರದಿಂದ ಬಿಡುವುದಿಲ್ಲ. ಯಾರು ಹೊರಟರೂ ಮೊದಲು ಹೇಳುವುದು ಅದನ್ನೇ.

ಬೆಂಗಳೂರಿನಿಂದ ಸ್ಯಾನ್ ಫ್ರಾನ್ಸಿಸ್ಕೊಗೆ ನೇರ ವಿಮಾನ ಬಂದದ್ದು 2021ರ ಜನವರಿಯಲ್ಲಿ. ಮೊದಲ ವಿಮಾನ ಅಲ್ಲಿಂದ ಇಲ್ಲಿಗೆ. ಕ್ಯಾಪ್ಟನ್ ಜೋಯಾ ಅಗರ್ವಾಲ್, ಅವರ ಜೊತೆ ಇನ್ನೂ ಮೂವರು ಪೈಲಟ್‌ಗಳು, ನಾಲ್ವರೂ ಹೆಂಗಸರು, ಉತ್ತರ ಧ್ರುವದ ಮೇಲೆ ಹಾರಿಸಿಕೊಂಡು ಬಂದರು. ಶನಿವಾರ ಜನವರಿ 9ರ ರಾತ್ರಿ ಅಲ್ಲಿ ಹೊರಟು, ಸುಮಾರು ಹದಿನೇಳು ಗಂಟೆ ಹಾರಿ, ಸೋಮವಾರ 11ರ ಬೆಳಗಿನ ಜಾವ ದೇವನಹಳ್ಳಿಯಲ್ಲಿ ಇಳಿದರು. ಭಾನುವಾರ ಎಂಬುದು ಆಕಾಶದಲ್ಲೇ ಕಳೆಯಿತು. ಟಿವಿಯ ಮುಂದೆ ಕುಳಿತಿದ್ದ ನಾನು ಆ ನಾಲ್ವರು ನಗುತ್ತ ಹೊರಬಂದುದನ್ನು ನೋಡಿ ಅತ್ತೆ. ಹೆಮ್ಮೆ ಒಂದು. ಹನ್ನೊಂದು ವರ್ಷದ ಹಿಂದೆ ಇದು ಇದ್ದಿದ್ದರೆ ಎಂಬುದು ಇನ್ನೊಂದು.

ನಡುವೆ ನಿಂತು, 2022ರ ಕೊನೆಗೆ ಮತ್ತೆ ಶುರುವಾದ ಆ ವಿಮಾನದಲ್ಲಿ 2023ರ ಫೆಬ್ರುವರಿಯಲ್ಲಿ ನಾನೂ ಹೋದೆ. ಮಧ್ಯಾಹ್ನ ಎರಡರ ಮೇಲೆ ಹೊರಟು ಸುಮಾರು ಹದಿನಾರು ಗಂಟೆ. ಬಾಂಗ್ಲಾ, ಚೀನಾ, ಜಪಾನಿನ ದಿಕ್ಕಿನಲ್ಲಿ ಪೂರ್ವಕ್ಕೆ ಹೋಗುವುದರಿಂದ ಕತ್ತಲು ಓಡಿ ಬಂತು. ರಾತ್ರಿಯೂ ಗಿಡ್ಡ. ಪೆಸಿಫಿಕ್ ನಡುವೆ ಎಲ್ಲೋ ಬೆಳಗಾಯಿತು, ತಾರೀಖು ರೇಖೆ ದಾಟಿದ್ದರಿಂದ ಅದು ನಾವು ಹೊರಟ ದಿನದ್ದೇ ಬೆಳಗು. ತುಮಕೂರಿನಲ್ಲಿ ಬೆಳಿಗ್ಗೆ ಕಂಡ ಸೂರ್ಯೋದಯವನ್ನು ಅದೇ ತಾರೀಖಿನಲ್ಲಿ ಎರಡನೇ ಸಲ ನೋಡಿದೆ. ಸೀಟಿನ ಮುಂದಿನ ಪರದೆಯಲ್ಲಿ ನಮ್ಮ ವಿಮಾನದ ಗೆರೆ ದಾರದ ದಾರಿಗಿಂತ ತುಂಬ ತಗ್ಗಿನಲ್ಲಿ, ಗಾಳಿ ಎಲ್ಲಿ ಹರಿಯುತ್ತಿತ್ತೋ ಅಲ್ಲಿ ಸಾಗಿತ್ತು.

ವಿಮಾನದ ಹಿಂಭಾಗದಲ್ಲಿ, ಅಡುಗೆ ಜಾಗದ ಹತ್ತಿರ, ನನ್ನ ವಯಸ್ಸಿನವರೆಲ್ಲ ಗಂಟೆಗೊಮ್ಮೆ ಬಂದು ನಿಲ್ಲುತ್ತಿದ್ದೆವು. ಕಾಲಿಗೆ ಬಿಗಿ ಸಾಕ್ಸು. ಕೂತೇ ಇದ್ದರೆ ಕಾಲಿನ ರಕ್ತ ಹೆಪ್ಪುಗಟ್ಟೀತು ಎಂದು ಡಾಕ್ಟರು ಎಲ್ಲರಿಗೂ ಹೇಳಿ ಕಳಿಸಿದ್ದರು. ಮೈಸೂರಿನ ಒಬ್ಬರು ಚಕ್ಕುಲಿ ಡಬ್ಬಿ ತೆಗೆದರು. ಹಾಸನದವರೊಬ್ಬರು, "ನಡುವೆ ಇಳಿದು ಹತ್ತೋ ತಾಪತ್ರಯ ಇಲ್ಲ ನೋಡಿ, ಮಲಗಿದರೆ ಮಗನ ಊರು" ಎಂದರು. ಯಾರ ಕೈಯಲ್ಲೂ ಕಾಗದವಿರಲಿಲ್ಲ. ಆ ಕಡೆ ನಿಲ್ದಾಣದಲ್ಲಿ ಮೊಮ್ಮಗ ನಿಂತಿದ್ದ, ಹದಿನೆಂಟರ ಹುಡುಗ. ಫೋನಿನಲ್ಲಿ ನನ್ನ ವಿಮಾನವನ್ನು ಹಳದಿ ಚುಕ್ಕೆಯಾಗಿ ಇಡೀ ರಾತ್ರಿ ನೋಡಿದ್ದನಂತೆ. "ಜಪಾನ್ ಹತ್ತಿರ ನಿಮ್ಮ ಸ್ಪೀಡು ಗಂಟೆಗೆ ಸಾವಿರದ ನೂರು ದಾಟಿತ್ತು ಅಜ್ಜಿ" ಎಂದ.

ನೇರ ವಿಮಾನ ಲಾಭ ತರುವುದಿಲ್ಲ ಎನ್ನುವವರ ಲೆಕ್ಕ ನನಗೆ ಅರ್ಥವಾಗುತ್ತದೆ. ಲಕ್ಷ ಲೀಟರಿಗೂ ಮಿಕ್ಕಿ ಇಂಧನ ಹೊತ್ತು ಹಾರಬೇಕು, ಆ ಇಂಧನದ ಭಾರ ಹೊರಲಿಕ್ಕೇ ಮತ್ತಷ್ಟು ಇಂಧನ ಸುಡಬೇಕು. ಆದರೂ ಈ ಎರಡು ಊರುಗಳ ನಡುವೆ ನೇರ ದಾರಿಯೊಂದು ಯಾವಾಗಲೂ ತೆರೆದಿರಬೇಕು ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಸುಖವಾಗಿ ಇದ್ದಾಗ ಎಲ್ಲಿ ಇಳಿದು ಹತ್ತಿದರೂ ನಡೆಯುತ್ತದೆ. ಬೆಳಗಿನ ಜಾವ ಫೋನು ಬಂದಾಗ ನಡೆಯುವುದಿಲ್ಲ. ಜಯನಗರದಲ್ಲಿ, ಮೈಸೂರಿನ ಸರಸ್ವತಿಪುರದಲ್ಲಿ, ನಮ್ಮ ತುಮಕೂರಿನಲ್ಲಿ ಇಂಥ ಫೋನಿಗೆ ಹೆದರಿಕೊಂಡು ಇರುವ ಮನೆಗಳು ಬೀದಿಗೆ ಒಂದೆರಡು ಇದ್ದೇ ಇವೆ.

ಈ ಡಿಸೆಂಬರಿನಲ್ಲಿ ಮೊಮ್ಮಗ ಒಬ್ಬನೇ ಬರುತ್ತಿದ್ದಾನೆ, ಸಿಂಗಪುರದ ಮೇಲೆ. ಎರಡು ಟಿಕೆಟ್ ನೋಡಿಟ್ಟು ಫೋನ್ ಮಾಡಿದ. ಒಂದರಲ್ಲಿ ಸಿಂಗಪುರದಲ್ಲಿ ಒಂದೂವರೆ ಗಂಟೆ ಬಿಡುವು, ಇನ್ನೊಂದರಲ್ಲಿ ಐದು ಗಂಟೆ, ಅದಕ್ಕೆ ದುಡ್ಡೂ ಜಾಸ್ತಿ. ಐದು ಗಂಟೆಯದನ್ನೇ ತಗೋ ಎಂದು ಹೇಳಿದ್ದೇನೆ, ಹೆಚ್ಚಿನ ದುಡ್ಡು ನಾನು ಕೊಡುತ್ತೇನೆ.